ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಮಗು ಹೊರಗೆ ಯಾಕೆ ಬಾಯಿ ಬಿಡುವುದಿಲ್ಲ?

"ಮೇಡಂ, ನಮ್ಮ ಹುಡುಗಿ ಮನೇಲಿ ಅರಳು ಹುರಿದ ಹಾಗೆ ಮಾತಾಡ್ತಾಳೆ. ಹೊರಗೆ ಬಂದ್ರೆ ಬಾಯೇ ಬಿಡಲ್ಲ. ದೊಡ್ಡವಳಾದ್ಮೇಲೆ ಸರಿ ಹೋಗತ್ತೆ ಅಲ್ವಾ?"

ಮೈಸೂರಿನಲ್ಲಿ ಶಾಲಾ ಮಕ್ಕಳ ಕೌನ್ಸೆಲರ್ ಆಗಿರುವ ನನಗೆ ಈ ಪ್ರಶ್ನೆ ಪೇರೆಂಟ್ಸ್ ಮೀಟಿಂಗಿನಲ್ಲಿ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ, ಒಮ್ಮೆ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗಲೂ ಬಂದಿತ್ತು. ಕೇಳುವಾಗ ಮಗು ಪಕ್ಕದಲ್ಲೇ ಇರುತ್ತದೆ. ಅಮ್ಮನ ದುಪಟ್ಟಾ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಅದಕ್ಕೇ ಅಲ್ಲಿ ನಾನು ಪೂರ್ತಿ ಉತ್ತರ ಕೊಡುವುದಿಲ್ಲ. ಇಲ್ಲಿ ಕೊಡುತ್ತೇನೆ.

ಕೆಲವರಿಗೆ ತಾನಾಗಿ ಸರಿಹೋಗುತ್ತದೆ. ಕೆಲವರಿಗೆ ಹೋಗುವುದಿಲ್ಲ. ನಾಚಿಕೆ ಸ್ವಭಾವದ ಮಗು ಬರ್ತ್‌ಡೇ ಪಾರ್ಟಿಯಲ್ಲಿ ಮೊದಲ ಅರ್ಧ ಗಂಟೆ ಅಮ್ಮನ ಹಿಂದೆ ಅವಿತುಕೊಂಡು, ಆಮೇಲೆ ಬಲೂನಿನ ಹಿಂದೆ ಓಡುತ್ತದೆ. ಇನ್ನೊಂದು ಮಗುವಿಗೆ ಪಾರ್ಟಿಗೆ ಮೂರು ದಿನ ಇರುವಾಗಲೇ ಹೊಟ್ಟೆನೋವು ಶುರು. ಹೋದರೂ ಕುರ್ಚಿ ಬಿಟ್ಟು ಏಳುವುದಿಲ್ಲ. ವಾಪಸ್ ಬಂದ ಮೇಲೆ, ತಟ್ಟೆಯಿಂದ ಕೇಕ್ ಬಿದ್ದಾಗ ಯಾರ್ಯಾರು ನೋಡಿದರು, ಯಾರು ನಕ್ಕರು ಅಂತ ನಿದ್ದೆಗೆಟ್ಟು ಲೆಕ್ಕ ಹಾಕುತ್ತದೆ. ಈ ಎರಡನೇ ಮಗುವಿನದು ನಾಚಿಕೆಯಲ್ಲ, ಭಯ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ತಪ್ಪು ಮಾಡಿದರೆ ಆಡಿಕೊಳ್ಳುತ್ತಾರೆ ಅನ್ನುವ ಭಯ. ಇಂಗ್ಲಿಷಿನಲ್ಲಿ ಇದಕ್ಕೆ ಸೋಷಿಯಲ್ ಆಂಗ್ಸೈಟಿ ಅನ್ನುತ್ತಾರೆ. ವೈದ್ಯರು ಈ ಹೆಸರು ಕೊಡುವ ಮೊದಲು ಮುಖ್ಯವಾಗಿ ಕೆಲವು ಸಂಗತಿ ನೋಡುತ್ತಾರೆ. ದೊಡ್ಡವರ ಎದುರು ಮಾತ್ರವಲ್ಲ, ಓರಗೆಯ ಮಕ್ಕಳ ಜೊತೆಯಲ್ಲೂ ಈ ಭಯ ಇದೆಯಾ? 6 ತಿಂಗಳಿಗಿಂತ ಜಾಸ್ತಿ ಆಯಿತಾ? ಓದು, ಆಟ, ಸ್ನೇಹಕ್ಕೆ ಅಡ್ಡ ಬರುತ್ತಿದೆಯಾ?

ಮಾತಾಡದಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬೀಳದ ಲಕ್ಷಣಗಳೂ ಇವೆ. ನೀರಿನ ಬಾಟಲಿ ತುಂಬಿದ ಹಾಗೇ ವಾಪಸ್ ಬರುತ್ತಿದೆಯಾ ನೋಡಿ. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಎಲ್ಲರೆದುರು ಕೈ ಎತ್ತಿ ಮಿಸ್ಸನ್ನು ಕೇಳಬೇಕು. ಅದರ ಬದಲು ದಿನವಿಡೀ ಬಾಯಾರಿಕೊಂಡೇ ಇರುವ ಮಕ್ಕಳನ್ನು ನಾನು ನೋಡಿದ್ದೇನೆ. ಬೇರೆಯವರ ಎದುರು ತಿನ್ನಲಾಗದೆ ಡಬ್ಬಿ ಹಾಗೇ ತರುವವರಿದ್ದಾರೆ. ಉತ್ತರ ಚೆನ್ನಾಗಿ ಗೊತ್ತಿದ್ದೂ "ಗೊತ್ತಿಲ್ಲ ಮಿಸ್" ಅಂದು ಕೂತುಬಿಡುವವರಂತೂ ಕ್ಲಾಸಿಗೊಬ್ಬರಾದರೂ ಸಿಗುತ್ತಾರೆ. ನೆಂಟರು ಇದನ್ನೆಲ್ಲ ನೋಡಿ "ಸೊಕ್ಕು ಜಾಸ್ತಿ", "ಹಠಮಾರಿ" ಅಂದುಬಿಡುತ್ತಾರೆ. ಹಠ ಮಾಡುವ ಮಗುವಿಗೆ ಮಾತಾಡುವುದು ಬೇಡವಾಗಿರುತ್ತದೆ. ಈ ಮಗುವಿಗೆ ಬೇಕಾಗಿರುತ್ತದೆ, ಗಂಟಲು ಏಳುವುದಿಲ್ಲ.

ನಾವು ಸರಿಯಾಗಿ ಬೆಳೆಸಲಿಲ್ಲವಾ ಅಂತ ಕೊರಗುವ ತಾಯಂದಿರಿಗೆ ಒಂದು ಮಾತು. ಹಾರ್ವರ್ಡ್‌ನಲ್ಲಿದ್ದ ಜೆರೋಮ್ ಕಾಗನ್ ಎಂಬ ಮನಶ್ಶಾಸ್ತ್ರಜ್ಞರು 4 ತಿಂಗಳ ಕೂಸುಗಳಿಗೆ ಹೊಸ ಆಟಿಕೆ ತೋರಿಸಿ, ಹೊಸ ಸದ್ದು ಕೇಳಿಸಿ ನೋಡಿದರು. ಸುಮಾರು 5ರಲ್ಲಿ 1 ಕೂಸು ಕೈಕಾಲು ಬಡಿದು ಅತ್ತಿತು. ಇಂಥ ಕೂಸುಗಳು ಮುಂದೆ ಹೊಸಬರೆದುರು ಹಿಂಜರಿಯುವ ಸಾಧ್ಯತೆ ಜಾಸ್ತಿ. ಅಂದರೆ ಒಂದಿಷ್ಟು ಹುಟ್ಟಿನಿಂದಲೇ ಬಂದಿರುತ್ತದೆ. ಆದರೆ ಅವರೆಲ್ಲ ಅಂಜುಬುರುಕರಾಗಿಯೇ ಉಳಿಯಲಿಲ್ಲ ಅನ್ನುವುದೂ ಅದೇ ಅಧ್ಯಯನದಲ್ಲಿ ಇದೆ.

ಈಗ ಕಹಿ ಮಾತು. ಈ ಭಯಕ್ಕೆ ದಿನಾ ಅನ್ನ ಹಾಕಿ ಸಾಕುವವರು ಹೆಚ್ಚಾಗಿ ನಾವೇ, ಪ್ರೀತಿಯಿಂದಲೇ. ಯಾರೋ "ಏನಮ್ಮಾ ನಿನ್ನ ಹೆಸರು?" ಅಂತಾರೆ. ಮಗು ತಲೆ ತಗ್ಗಿಸುತ್ತದೆ. ಎರಡು ಸೆಕೆಂಡ್ ಕೂಡ ಕಾಯದೆ ನಾವೇ ಹೆಸರು, ಕ್ಲಾಸು, ಸ್ಕೂಲು ಎಲ್ಲ ಹೇಳಿ, ಕೊನೆಗೆ "ಅವಳು ಸ್ವಲ್ಪ ಶೈ" ಅಂತ ಸೇರಿಸುತ್ತೇವೆ. ಮಗುವಿಗೆ ಒಮ್ಮೆಗೇ ಹಾಯೆನಿಸುತ್ತದೆ. ತೊಂದರೆ ಇರುವುದೇ ಆ ಹಾಯಿಯಲ್ಲಿ. ಭಯ ಸರ್ರನೆ ಏರಿ, ಸ್ವಲ್ಪ ಹೊತ್ತು ತಡೆದುಕೊಂಡರೆ ತಾನಾಗಿ ಇಳಿಯುತ್ತದೆ. ಇಳಿಯುವ ಮೊದಲೇ ತಪ್ಪಿಸಿಕೊಂಡ ಮಗು, ತಪ್ಪಿಸಿಕೊಂಡಿದ್ದರಿಂದಲೇ ಬಚಾವಾದೆ ಅಂತ ಕಲಿಯುತ್ತದೆ.

ಬುದ್ಧಿ ಹೇಳುವ ನಾನೇನೂ ಕಮ್ಮಿಯಿಲ್ಲ. ನನ್ನ ಮಗನಿಗೆ 9 ವರ್ಷ ಆಗುವವರೆಗೂ ಹೋಟೆಲಿನಲ್ಲಿ ಅವನ ದೋಸೆ ಆರ್ಡರ್ ಮಾಡಿದ್ದು ನಾನೇ. ಅವನು ನನ್ನ ಕಿವಿಯಲ್ಲಿ ಪಿಸುಗುಡುವುದು, ನಾನು ಸಪ್ಲೈಯರ್‌ಗೆ ಹೇಳುವುದು. ಊರ ಮಕ್ಕಳಿಗೆಲ್ಲ ಧೈರ್ಯ ಕಲಿಸುವ ಕೆಲಸ ನನ್ನದು! ಒಂದು ದಿನ ನನ್ನ ತಂಗಿ "ಅಕ್ಕಾ, ನೀನು ಇವನ ಮೈಕಾ?" ಅಂದಾಗಲೇ ನನಗೆ ಅದು ಹೊಳೆದದ್ದು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಇದನ್ನೇ ಹಿಡಿದು ಒಂದು ಚಿಕಿತ್ಸೆ ರೂಪಿಸಿದ್ದಾರೆ. ಅದರಲ್ಲಿ ಮಗುವನ್ನು ಕರೆಯುವುದೇ ಇಲ್ಲ, ತರಬೇತಿಯೆಲ್ಲ ಅಪ್ಪ ಅಮ್ಮನಿಗೆ. ಆತಂಕದ ತೊಂದರೆ ಇದ್ದ 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆಸಿದ ಇವರ ಅಧ್ಯಯನ 2020ರಲ್ಲಿ ಅಚ್ಚಾಯಿತು. ಮಕ್ಕಳಿಗೇ ನೇರವಾಗಿ ಥೆರಪಿ ಕೊಟ್ಟಷ್ಟೇ ಫಲ ಇದರಲ್ಲೂ ಸಿಕ್ಕಿತ್ತು.

ಹಾಗಂತ ನಾಳೆಯೇ ಮಗುವನ್ನು ಸ್ಟೇಜಿಗೆ ನೂಕಬೇಡಿ. ಈಜು ಬಾರದವನನ್ನು ಬಾವಿಗೆ ತಳ್ಳಿದರೆ ಕಲಿಯುತ್ತಾನೆ ಅನ್ನುವವರ ಮಾತು ಇಲ್ಲಿ ನಡೆಯುವುದಿಲ್ಲ. ಆಗಸ್ಟ್ 15ರ ಭಾಷಣಕ್ಕೆ ಬಲವಂತವಾಗಿ ನಿಲ್ಲಿಸಿದ ಹುಡುಗನೊಬ್ಬ ಆಮೇಲೆ ಎರಡು ವಾರ ಶಾಲೆಗೇ ಬರಲಿಲ್ಲ. "ಒಂದ್ಸಲ ನಿಂತ್ರೆ ಎಲ್ಲಾ ಸರಿಹೋಗತ್ತೆ" ಅಂದ ದೊಡ್ಡವರಲ್ಲಿ ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನೂ ಒಬ್ಬಳು.

ಮೆಟ್ಟಿಲು ಚಿಕ್ಕದಿರಲಿ. ನಮ್ಮ ಮನೆಯಲ್ಲಿ ಮೊದಲ ವಾರ ಮಗ ಬೀದಿ ಕೊನೆಯ ಅಂಗಡಿಗೆ ನನ್ನ ಜೊತೆ ಬಂದು ದುಡ್ಡು ಮಾತ್ರ ಕೊಟ್ಟ. ಆಮೇಲೆ "ಹಾಲು" ಅನ್ನುವ ಒಂದೇ ಮಾತು. ಮುಂದೆ "ಅರ್ಧ ಲೀಟರ್ ಹಾಲು ಕೊಡಿ". ಆಮೇಲೆ ನಾನು ಅಂಗಡಿಯ ಹೊರಗೆ, ಅವನು ಒಳಗೆ. ಒಂದು ಮೆಟ್ಟಿಲು ಬೋರ್ ಹೊಡೆಸುವಷ್ಟು ಸುಲಭವಾದ ಮೇಲೇ ಇನ್ನೊಂದು. ಮಧ್ಯೆ ಒಂದು ದಿನ ಅಂಗಡಿಯವರು "ಏನಪ್ಪಾ, ಜೋರಾಗಿ ಹೇಳು" ಅಂದುಬಿಟ್ಟರು, ಮತ್ತೆ ಎರಡು ಮೆಟ್ಟಿಲು ಕೆಳಗೆ. ಪರವಾಗಿಲ್ಲ, ಹೀಗೆಲ್ಲ ಆಗುತ್ತದೆ.

ಮಗುವಿಗೆ "ಏನೂ ಆಗಲ್ಲ ಬಿಡು, ಹೆದರಬೇಡ" ಅನ್ನುವುದರಿಂದ ಹೆಚ್ಚೇನೂ ಉಪಯೋಗವಿಲ್ಲ. ಅದಕ್ಕೆ ಆಗಲೇ ಆಗುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ. "ಭಯ ಆಗ್ತಿದೆ ಅಂತ ಗೊತ್ತು ಪುಟ್ಟಾ, ಆದ್ರೂ ನಿನ್ನ ಕೈಲಿ ಆಗತ್ತೆ" ಅನ್ನಿ. ನಮ್ಮ ಮನೆಯಲ್ಲಿ ಈ ಎರಡನ್ನೂ ಒಟ್ಟಿಗೆ ಹೇಳಬೇಕಾಯಿತು. ಮೊದಲರ್ಧ ಮಾತ್ರ ಹೇಳಿದ ದಿನ ಅವನು ಮನೆಯಲ್ಲೇ ಉಳಿಯುತ್ತಿದ್ದ, ಎರಡನೆಯದು ಮಾತ್ರ ಹೇಳಿದರೆ ಮುನಿಸಿಕೊಳ್ಳುತ್ತಿದ್ದ. ಯಾರಾದರೂ ಹೆಸರು ಕೇಳಿದಾಗ ಮನಸ್ಸಿನಲ್ಲೇ 5ರವರೆಗೆ ಎಣಿಸಿ. ಆ 5 ಸೆಕೆಂಡ್ ಮಗುವಿಗಿಂತ ನಿಮಗೇ ಕಷ್ಟ. ಇನ್ನು ಮನೆಗೆ ಬಂದವರ ಮುಂದೆ "ಒಂದು ಹಾಡು ಹೇಳು" ಅನ್ನುವ ಪದ್ಧತಿಯನ್ನು ದಯವಿಟ್ಟು ಬಿಟ್ಟುಬಿಡಿ.

ಟೀಚರ್‌ಗೂ ಮೊದಲೇ ತಿಳಿಸಿ. "ನಾಳೆ ನಿನಗೆ ಈ ಪ್ರಶ್ನೆ ಕೇಳ್ತೀನಿ" ಅಂತ ಹಿಂದಿನ ದಿನವೇ ಹೇಳಿದರೆ, ಇಲ್ಲವೇ ಮೊದಲು ಪಕ್ಕದವಳಿಗೆ ಉತ್ತರ ಹೇಳಿಸಿ ಆಮೇಲೆ ಕ್ಲಾಸಿಗೆ ಹೇಳಿಸಿದರೆ ಎಷ್ಟೋ ಸಹಾಯ. ಮೌಖಿಕ ಪರೀಕ್ಷೆಯಿಂದ ಪೂರ್ತಿ ವಿನಾಯಿತಿ ಕೇಳಬೇಡಿ, ಟೀಚರ್ ಒಬ್ಬರ ಎದುರೇ ನಡೆಸಲು ಕೇಳಿ.

ಶಾಲೆಗೆ ಹೋಗುವುದೇ ನಿಂತಿದ್ದರೆ, ಮನೆಯಲ್ಲಿ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಪದವನ್ನೂ ಆಡದಿದ್ದರೆ, ಕಾಯಬೇಡಿ. ಮಕ್ಕಳ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. ದೂರದ ಊರಿನವರು 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಕೊಟ್ಟುಬಿಡುತ್ತಾರೆ ಅಂತ ಹೆದರಬೇಡಿ. ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಇಂಥ ಮೆಟ್ಟಿಲುಗಳದ್ದೇ, ತೀವ್ರವಾಗಿದ್ದರೆ ಮಾತ್ರ ಔಷಧಿಯ ಮಾತು. ಹೋಗುವಾಗ ಎರಡು ವಾರದ ಘಟನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ವೈದ್ಯರು ಮಗುವನ್ನು ಏನಾದರೂ ಕೇಳಿದರೆ, ಗೊತ್ತಲ್ಲ, 5ರವರೆಗೆ ಎಣಿಸಿ.