ಮೇಡಂ ಪೆನ್ಸಿಲ್ ಕೊಟ್ಟ ದಿನ

2012, ಮನಶ್ಶಾಸ್ತ್ರ ಎಂ.ಎಸ್ಸಿ. ಎರಡನೇ ವರ್ಷ. ಒಂದು ಶನಿವಾರ ಮಧ್ಯಾಹ್ನ ಮೇಡಂ ಕರೆದು, "ಬಡ್ತಿ ಅರ್ಜಿ ತುಂಬಬೇಕು ಕಣಮ್ಮ. ನನ್ನ ಪೇಪರುಗಳನ್ನ ಯಾರ್‍ಯಾರು ಸೈಟ್ ಮಾಡಿದ್ದಾರೆ ಅಂತ ಗೂಗಲ್ ಸ್ಕಾಲರಲ್ಲಿ ನೋಡಿಕೊಡ್ತೀಯಾ?" ಅಂದರು. ಸೈಟ್ ಅಂದರೆ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಿಸುವುದು; ಆ ಉಲ್ಲೇಖಗಳ ಎಣಿಕೆ ತೋರಿಸುವ ತಾಣ ಗೂಗಲ್ ಸ್ಕಾಲರ್. ವಿಭಾಗಕ್ಕೆಲ್ಲ ಇದ್ದದ್ದು ಒಂದೇ ಕಂಪ್ಯೂಟರ್. ಒಂದು ಪುಟ ತೆರೆಯುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬರಬಹುದಿತ್ತು.

ಗೆರೆ ಹಾಳೆ ಮತ್ತು ಪೆನ್ಸಿಲ್ ಅವರೇ ಕೊಟ್ಟರು. "ಪೆನ್ನಲ್ಲಿ ಬರೀಬೇಡ, ನಾಳೆ ಈ ಲೆಕ್ಕ ಬದಲಾಗತ್ತೆ." ಜಾಸ್ತಿ ಸೈಟೇಶನ್ ಇರುವ ಪ್ರಬಂಧ ಮೇಲೆ, ಕಡಿಮೆಯದು ಕೆಳಗೆ. 23, 14, 9, 5, 3... ಹೀಗೆ ಹನ್ನೊಂದು ಸಾಲು. ಮೇಲಿನಿಂದ ಎಣಿಸುತ್ತ ಬಂದರೆ ನಾಲ್ಕನೆಯದಕ್ಕೆ 5 ಸೈಟೇಶನ್ ಇದೆ, ಸರಿ. ಐದನೆಯದಕ್ಕೆ ಮೂರೇ. ಅಂದರೆ ಕನಿಷ್ಠ ನಾಲ್ಕು ಸೈಟೇಶನ್ ಇರುವ ಪ್ರಬಂಧ ನಾಲ್ಕು ಇವೆ, ಕನಿಷ್ಠ ಐದು ಇರುವಂಥವು ಐದು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ ನಾಲ್ಕು. 2005ರಲ್ಲಿ ಹಿರ್ಷ್ ಎಂಬ ಭೌತಶಾಸ್ತ್ರಜ್ಞ ಹುಟ್ಟುಹಾಕಿದ ಅಳತೆ ಇದು. "ಫಿಸಿಕ್ಸ್‌ನೋರ ಅಳತೆಕೋಲಿನ ಪಕ್ಕ ನಾವು ಮನಸ್ಸು ಅಳೆಯೋರು ನಿಂತ್ಕೋಬೇಕು ನೋಡು" ಎಂದು ನಕ್ಕರು.

ಆಮೇಲೆ 23ರ ಮೇಲೆ ಬೆರಳಿಟ್ಟು, "ಇದರಲ್ಲಿ ಆರು ಸಲ ನನ್ನನ್ನ ನಾನೇ ಸೈಟ್ ಮಾಡ್ಕೊಂಡಿದೀನಿ, ಕಳೆದು ಬರಿ" ಅಂದರು. ಅರ್ಜಿಯಲ್ಲಿ ಅದನ್ನು ಕೇಳಿರಲಿಲ್ಲ. ಯಾಕೆ ಸುಮ್ನೆ ಕಳೆಯಬೇಕು ಅಂತ ನಾನು ವಾದಿಸಿದೆ. ಅವರು ರಬ್ಬರ್ ಎತ್ತಿಕೊಂಡು ತಾವೇ ಅಳಿಸಿ 17 ಬರೆದರು.

ನನಗಾಗ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕ್ ಹುಚ್ಚು. ನಮ್ಮ ಪ್ರಾಕ್ಟಿಕಲ್‌ನಲ್ಲಿ ಇದ್ದದ್ದು ಅವರ ವ್ಯಕ್ತಿತ್ವ ಪ್ರಶ್ನಾವಳಿಯೇ. ಹೌದು ಅಥವಾ ಇಲ್ಲ ಅಂತ ಉತ್ತರಿಸಬೇಕಾದ ತೊಂಬತ್ತು ಪ್ರಶ್ನೆ, ಅದರೊಳಗೇ ಸುಳ್ಳು ಹೇಳುವವರನ್ನು ಹಿಡಿಯೋಕೆ ಅಂತಲೇ ಒಂದು ಗುಂಪು ಪ್ರಶ್ನೆ. ಇಪ್ಪತ್ತನೇ ಶತಮಾನದ ಮನಶ್ಶಾಸ್ತ್ರಜ್ಞರ ಬಗ್ಗೆ ಹ್ಯಾಗ್‌ಬ್ಲೂಮ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ, ಜರ್ನಲ್‌ಗಳಲ್ಲಿ ಅತಿ ಹೆಚ್ಚು ಉಲ್ಲೇಖವಾದವರು ಫ್ರಾಯ್ಡ್, ಪಿಯಾಜೆ, ಮೂರನೆಯವರು ಐಸೆಂಕ್. ಸೆಮಿನಾರಿನಲ್ಲಿ ಇದನ್ನು ಎದೆಯುಬ್ಬಿಸಿ ಹೇಳಿದೆ.

ಮೇಡಂ ಹಿಂದಿನ ಬೆಂಚಿನಿಂದ ಕೇಳಿದರು: "ಇಷ್ಟು ಜನ ಅವರ ಹೆಸರು ಎತ್ತಿದ್ದು ಹೊಗಳೋಕಾ, ಜಗಳ ಆಡೋಕಾ?"

ಉತ್ತರ ಇರಲಿಲ್ಲ. ಮನೋಚಿಕಿತ್ಸೆಯಿಂದ ರೋಗಿಗಳು ಜಾಸ್ತಿ ಗುಣವಾಗುತ್ತಾರೆ ಅನ್ನೋಕೆ ಆಧಾರವಿಲ್ಲ ಎಂದು ಐಸೆಂಕ್ 1952ರಲ್ಲಿ ಬರೆದಿದ್ದರು. ಅದನ್ನು ಉಲ್ಲೇಖಿಸಿದ ಹತ್ತು ಲೇಖನ ಹುಡುಕಿ ಓದು ಅಂದರು ಮೇಡಂ. ಒಂದು ವಾರ ಲೈಬ್ರರಿಯಲ್ಲಿ ಕೂತೆ. ಅರ್ಧಕ್ಕರ್ಧ ಜಗಳವೇ. ಎರಡು ಲೇಖನದಲ್ಲಂತೂ ಮದುವೆ ಕರೆಯೋಲೆಯಲ್ಲಿ ಊರ ಹಿರಿಯರ ಹೆಸರು ಹಾಕಿದ ಹಾಗೆ, ಹಾಕಬೇಕು ಅಂತ ಹಾಕಿದ್ದರು. ಎಣಿಕೆಗೆ ಎಲ್ಲವೂ ಒಂದೇ, ಅಲ್ವಾ?

2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸುದ್ದಿ ಓದಿದಾಗ ಮೊದಲು ನೆನಪಾದದ್ದು ಮೇಡಂ. ವ್ಯಕ್ತಿತ್ವಕ್ಕೂ ಕ್ಯಾನ್ಸರ್, ಹೃದ್ರೋಗಕ್ಕೂ ನಂಟು ಕಟ್ಟಿ ಐಸೆಂಕ್ ಅವರು ಗ್ರೊಸಾರ್ತ್-ಮಾಟಿಚೆಕ್ ಎಂಬ ಸಂಶೋಧಕರ ಜೊತೆ ಬರೆದ 26 ಪ್ರಬಂಧಗಳನ್ನು ನಂಬುವಂತಿಲ್ಲ ಎಂದು ವಿಚಾರಣಾ ಸಮಿತಿ ಹೇಳಿತ್ತು. ಐಸೆಂಕ್ ತೀರಿಕೊಂಡು 22 ವರ್ಷವಾಗಿತ್ತು. 1992ರಲ್ಲೇ ಪೆಲೋಸಿ ಮತ್ತು ಆಪಲ್‌ಬಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಕೆಲಸವನ್ನು ಪ್ರಶ್ನಿಸಿದ್ದರು. ತಮಾಷೆ ನೋಡಿ, ಲೆಕ್ಕ ಇಡುವವರ ಪುಸ್ತಕದಲ್ಲಿ ಅಂಥ ಟೀಕೆಯೂ ಐಸೆಂಕ್ ಖಾತೆಗೇ ಜಮೆ!

ಮೇಡಂಗೆ ಫೋನ್ ಮಾಡಿದೆ. ಆಗಲೇ ನಿವೃತ್ತರಾಗಿದ್ದರು. ಸುದ್ದಿಯೆಲ್ಲ ಕೇಳಿ, "ಪ್ರಶ್ನಾವಳಿನೂ ಬಿಸಾಕ್ಬೇಡ ಮತ್ತೆ, ಅದು ಬೇರೆ ಕೆಲಸ" ಅಂದರು. ಆಮೇಲೆ ಮಾತು ನನ್ನ ಮಗಳ ಶಾಲೆಯ ಕಡೆ ತಿರುಗಿತು.

ಅವರ ಆ ಹನ್ನೊಂದು ಸಾಲಿನಲ್ಲಿ ಇಲ್ಲದ ಒಂದು ಕೆಲಸದ ಬಗ್ಗೆ ಹೇಳಬೇಕು. ಹಳ್ಳಿ ಶಾಲೆ ಮಕ್ಕಳ ಪರೀಕ್ಷಾ ಭಯ ಅಳೆಯೋಕೆ ಮೇಡಂ ಕನ್ನಡದಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದರು. "ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಹೊಟ್ಟೆ ತೊಳಸುತ್ತದೆ" ಅನ್ನೋದು ಅದರ ನಾಲ್ಕನೇ ಸಾಲು. ಯಾವ ಜರ್ನಲ್‌ನಲ್ಲೂ ಬಂದಿರಲಿಲ್ಲ, ಹಾಗಾಗಿ ಸೈಟೇಶನ್ ಸೊನ್ನೆ. ಅರ್ಜಿಯಲ್ಲಿ ಅದಕ್ಕೆ ಅಂಕವೂ ಇರಲಿಲ್ಲ. ಬಡ್ತಿ ಆ ವರ್ಷ ಬರಲಿಲ್ಲ.

ಈಗ ನಾನು ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ. ಕಳೆದ ತಿಂಗಳು ತರಬೇತಿಯೊಂದರಲ್ಲಿ ಒಂದು ಹಾಳೆ ಹಂಚಿದರು. ಜೆರಾಕ್ಸಿನ ಜೆರಾಕ್ಸು, ಅಕ್ಷರ ಸೊಟ್ಟ, ಮಾಡಿದವರ ಹೆಸರಿದ್ದ ಕೆಳಗಿನ ಅಂಚು ಕತ್ತರಿಸಿಹೋಗಿತ್ತು. ನಾಲ್ಕನೇ ಸಾಲಿನಲ್ಲಿ ಹೊಟ್ಟೆ ತೊಳಸುತ್ತಿತ್ತು. ಕೆಳಗೆ ಮೇಡಂ ಹೆಸರು ಬರೆದು ಪಕ್ಕದವರಿಗೆ ದಾಟಿಸಿದೆ. ಪೆನ್ನಿನಲ್ಲೇ ಬರೆದೆ.