ಕ್ರಮ ತಪ್ಪಿದರೂ ಅರ್ಥವಾಗುತ್ತದಲ್ಲ, ಮತ್ತೇನು ತೊಂದರೆ?

ಸ್ವೀಡನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಸ್ವೀಡಿಷ್ ಹೇಳಿಕೊಡುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: ಪದಗಳು ಹಿಂದುಮುಂದಾದರೂ ಕೇಳುವವರಿಗೆ ವಿಷಯ ತಿಳಿಯುತ್ತದೆ, ಹಾಗಿರುವಾಗ ಕ್ರಮದ ಬಗ್ಗೆ ಇಷ್ಟು ಹಟವೇಕೆ? ತಿಳಿಯುತ್ತದೆ ಎಂಬುದು ನಿಜ. ಆದರೆ ಅಷ್ಟರೊಳಗೆ ಕೇಳುಗರ ಮಿದುಳು ಒಂದಿಷ್ಟು ಹೆಚ್ಚಿನ ಕೆಲಸವನ್ನೂ ಮಾಡಿರುತ್ತದೆ.

ಸ್ವೀಡಿಷ್‌ನ ಹೇಳಿಕೆಯ ವಾಕ್ಯದಲ್ಲಿ, ಮೊದಲಿಗೆ ಕರ್ತೃವೇ ಬರಲಿ, ‘ಇವತ್ತು’ ಎಂಬಂಥ ಪದವೇ ಬರಲಿ, ಕಾಲವನ್ನು ಸೂಚಿಸುವ ಕ್ರಿಯಾಪದ ಎರಡನೆಯ ಸ್ಥಾನದಲ್ಲಿರಬೇಕು. ‘ಇದಾಗ್ ಲೇಸ್ತೆ ಹುನ್ ತೀದ್ನಿಂಗೆನ್’ ಎಂಬುದನ್ನು ಪದಕ್ಕೆ ಪದವಿಟ್ಟು ಹೇಳಿದರೆ ‘ಇವತ್ತು ಓದಿದಳು ಅವಳು ಪತ್ರಿಕೆಯನ್ನು’ ಎಂದಾಗುತ್ತದೆ. ಕನ್ನಡದಲ್ಲಿ ಈ ನಾಲ್ಕು ಪದಗಳನ್ನು ಹೇಗೆ ಅದಲುಬದಲು ಮಾಡಿದರೂ ‘ಅನ್ನು’ ಪ್ರತ್ಯಯವೂ ಕ್ರಿಯಾಪದದ ಕೊನೆಯ ‘ಅಳು’ ಕೂಡ ಯಾರು ಏನನ್ನು ಓದಿದರೆಂದು ಹೇಳಿಬಿಡುತ್ತವೆ. ಸ್ವೀಡಿಷ್ ಕ್ರಿಯಾಪದದಲ್ಲಾದರೋ ಲಿಂಗ, ವಚನ, ಪುರುಷಗಳ ಗುರುತೇ ಇಲ್ಲ. ಆದರೆ ನಮ್ಮವರ ಬಾಯಲ್ಲಿ ಬರುವುದು ಕ್ರಿಯಾಪದ ಮೂರನೆಯ ಸ್ಥಾನಕ್ಕೆ ಜಾರಿದ ‘ಇದಾಗ್ ಹುನ್ ಲೇಸ್ತೆ’. ಇಂಗ್ಲಿಷಿಗೆ ಒಗ್ಗಿದ ನಾಲಿಗೆಗೆ ಅದೇ ಸಲೀಸು.

ತಲೆಗೆ ಎಲೆಕ್ಟ್ರೋಡುಗಳನ್ನು ಜೋಡಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದಾಗ, ಹೀಗೆ ಕ್ರಮ ತಪ್ಪಿದ ವಾಕ್ಯಗಳಿಗೆ ಸ್ವೀಡಿಷರಲ್ಲಿ ಪಿ600 ಎಂಬ ಧನಾತ್ಮಕ ಅಲೆ ಹೆಚ್ಚುತ್ತದೆ. ಕ್ರಮ ತಪ್ಪಿದ ಪದ ಎದುರಾದ ಮೇಲೆ ಸುಮಾರು 600 ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ನೆತ್ತಿಯ ನಡುವೆ ಮತ್ತು ಅದರ ಹಿಂದೆ ಅದು ಕಾಣುತ್ತದೆ. ಅರ್ಥಕ್ಕೆ ಹೊಂದದ ಪದಕ್ಕೆ ಮಿದುಳು ತೋರುವ ಎನ್400 ಎಂಬ ಅಲೆ ಇದಕ್ಕಿಂತ ಬೇರೆಯದು. ಅದನ್ನು ಸಂಶೋಧಕರಾದ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ವರದಿ ಮಾಡಿದ್ದರು. ಪಿ600 ಅನ್ನು ವಾಕ್ಯರಚನೆಯನ್ನು ಮತ್ತೆ ಕಟ್ಟಿಕೊಳ್ಳುವ ಶ್ರಮವೆಂದು ಅನೇಕರು ಅರ್ಥೈಸುತ್ತಾರೆ. ಅದು ಸಿಡಿಮಿಡಿಯ ಅಳತೆಯಲ್ಲ. ಈ ಮಾತು ಕೇಳಿ ನನ್ನ ವಿದ್ಯಾರ್ಥಿಗಳು ಸಮಾಧಾನಪಡುತ್ತಾರೆ.

ಆನಿಕಾ ಆಂಡರ್ಸನ್, ಸುಸಾನ್ ಸಾಯೆಹ್ಲಿ ಮತ್ತು ಮಾರಿಯಾನೆ ಗುಲ್‌ಬೆರಿ ಸ್ವೀಡಿಷ್ ಕಲಿತ ಜರ್ಮನ್ ಮತ್ತು ಇಂಗ್ಲಿಷ್ ಭಾಷಿಕರನ್ನು ಹೋಲಿಸಿದ ಅಧ್ಯಯನ ನನಗೆ ಇನ್ನಷ್ಟು ಸ್ವಾರಸ್ಯಕರವಾಗಿ ಕಂಡಿದೆ. ಜರ್ಮನ್‌ನಲ್ಲೂ ಕ್ರಿಯಾಪದಕ್ಕೆ ಎರಡನೆಯ ಸ್ಥಾನವೇ. ಬರವಣಿಗೆಯಲ್ಲೂ ವಾಕ್ಯದ ಸರಿತಪ್ಪು ಹೇಳುವುದರಲ್ಲೂ ಈ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ, ಪಿ600 ಕೂಡ ಇಬ್ಬರಲ್ಲೂ ಬಂತು. ಆದರೆ ತಲೆಯ ಮುಂಭಾಗದಲ್ಲಿ ದಾಖಲಾದ ಪ್ರತಿಕ್ರಿಯೆಯಲ್ಲಿ ಜರ್ಮನರು ಸ್ವೀಡಿಷರಿಗೆ ಹೆಚ್ಚು ಹತ್ತಿರವಿದ್ದರು. ಕನ್ನಡಿಗರನ್ನು ಅಲ್ಲಿ ಪರೀಕ್ಷಿಸಿರಲಿಲ್ಲವಾದ್ದರಿಂದ ನಮ್ಮ ಬಗ್ಗೆ ಅದು ನೇರವಾಗಿ ಏನನ್ನೂ ಹೇಳದು. ಆದರೂ ನಿಯಮ ಬಾಯಿಪಾಠವಾದ ಮಾತ್ರಕ್ಕೆ ಮಿದುಳಿನ ಹಳೆಯ ರೂಢಿ ಬದಲಾಗಿಬಿಡುವುದಿಲ್ಲ ಎಂದುಕೊಂಡು, ನಾನು ವ್ಯಾಕರಣದ ಪಾಠವನ್ನು ಕಡಿಮೆ ಮಾಡಿ, ‘ಇದಾಗ್’ ಎಂದು ಆರಂಭವಾಗುವ ವಾಕ್ಯಗಳನ್ನೇ ಗಟ್ಟಿಯಾಗಿ ಹೇಳಿಸುತ್ತೇನೆ. ‘ಬಹುಶಃ’ ಎಂಬರ್ಥದ ‘ಕಾನ್ಶೆ’ಯ ಸರದಿ ಆಮೇಲೆ, ಏಕೆಂದರೆ ಆ ಪದದ ನಂತರ ಕ್ರಿಯಾಪದಕ್ಕಿಂತ ಮೊದಲು ಕರ್ತೃ ಬಂದರೂ ಸ್ವೀಡಿಷರು ತಪ್ಪೆನ್ನುವುದಿಲ್ಲ.