ಡಬಲ್ 16ರ ಮುಂದೆ ಒಂದು ದಿನ

ಟಿವಿಯಲ್ಲಿ ಡಾರ್ಟ್ಸ್ ಎಂದರೆ ಹಾಡು, ಕೂಗು, ಬಣ್ಣದ ದೀಪ, ವೇದಿಕೆಗೆ ನಡೆದು ಬರುವ ಆಟಗಾರ. ಆದರೆ ಈ ವೃತ್ತಿಯಲ್ಲಿರುವ ಹೆಚ್ಚಿನವರ ಹೊಟ್ಟೆಪಾಡು ನಡೆಯುವುದು ವಿಗನ್, ಲೆಸ್ಟರ್, ಹಿಲ್ಡೆಸ್‌ಹೈಮ್‌ನಂಥ ಊರುಗಳ ಕ್ರೀಡಾಂಗಣದ ಹಾಲ್‌ಗಳಲ್ಲಿ. ಅಲ್ಲಿ ಪ್ರೇಕ್ಷಕರಿರುವುದಿಲ್ಲ. ಗೋಡೆಯುದ್ದಕ್ಕೂ ಬೋರ್ಡುಗಳು, ನೆಲದ ಮೇಲೆ ಮ್ಯಾಟು, ಪಕ್ಕದಲ್ಲಿ ಅಂಕ ತೋರಿಸುವ ಪರದೆ, ಇಷ್ಟೇ. ವೃತ್ತಿಪರ ಡಾರ್ಟ್ಸ್‌ನ ಸಂಸ್ಥೆಯಾದ ಪಿಡಿಸಿ ನಡೆಸುವ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಪಂದ್ಯಾವಳಿ ಒಂದೇ ದಿನದಲ್ಲಿ ಮುಗಿಯುತ್ತದೆ. ಒಳಗೆ ಹೋಗುವವರು 128 ಮಂದಿ. ರಾತ್ರಿ ಹೊತ್ತಿಗೆ ಸೋಲದೆ ಉಳಿದವರು ಒಬ್ಬರು.

ಈ ವೃತ್ತಿ ಅರ್ಥವಾಗಬೇಕಾದರೆ ಅಂಥ ಒಂದು ದಿನವನ್ನು ಬೆಳಗಿನಿಂದ ನೋಡಬೇಕು.

ಕಣಕ್ಕಿಳಿಯುವ ಮೊದಲು ಆಟಗಾರ ತನ್ನ ಮೂರು ಡಾರ್ಟ್‌ಗಳನ್ನು ಬೆರಳಲ್ಲಿ ಉರುಳಿಸಿ ನೋಡುತ್ತಾನೆ. ಮೊದಲ ಗಮನ ಪಾಯಿಂಟ್‌ಗೆ, ಅಂದರೆ ಮುಂದಿನ ಉಕ್ಕಿನ ಮೊನೆಗೆ. ಮೊನೆ ಸೂಜಿಯಷ್ಟು ಚೂಪಾಗಿದ್ದರೆ ಬೋರ್ಡಿನ ಅಂಕಗಳನ್ನು ಬೇರ್ಪಡಿಸುವ ತಂತಿಗೆ ತಾಗಿದಾಗ ತುದಿ ಮಡಚಿಕೊಳ್ಳುತ್ತದೆ. ಮಡಚಿದ ತುದಿ ಬೋರ್ಡಿನ ಸೈಸಲ್ ನಾರನ್ನು ಕಿತ್ತು ಹಾಕುತ್ತದೆ, ಮುಂದಿನ ಎಸೆತದಲ್ಲಿ ಪುಟಿದು ಹೊರಗೆ ಬೀಳುವುದೂ ಉಂಟು. ಹಾಗೆ ಬಿದ್ದ ಡಾರ್ಟ್‌ಗೆ ಅಂಕವಿಲ್ಲ, ಮತ್ತೆ ಎಸೆಯಲು ಅವಕಾಶವೂ ಇಲ್ಲ. ಅದಕ್ಕೇ ಉಜ್ಜುವ ಕಲ್ಲಿನ ಮೇಲೆ ತುದಿಯನ್ನು ತಿರುಗಿಸುತ್ತಾ ಒಂದಿಷ್ಟು ದುಂಡಗೆ ಮಾಡುತ್ತಾರೆ. ಆಮೇಲೆ ಬ್ಯಾರೆಲ್. ಟಂಗ್‌ಸ್ಟನ್ ಮಿಶ್ರಲೋಹದ ಈ ನಡುಭಾಗ ಭಾರವಿದ್ದರೂ ಸಣಕಲು, ಹಾಗಾಗಿ ಟ್ರೆಬಲ್‌ನ, ಅಂದರೆ ಅಂಕ ಮೂರು ಪಟ್ಟಾಗುವ ಒಳ ಸುತ್ತಿನ ಪಟ್ಟಿಯ, ಇಕ್ಕಟ್ಟಿನಲ್ಲಿ ಮೂರೂ ಹಿಡಿಸುತ್ತವೆ. ಹೆಚ್ಚಿನ ವೃತ್ತಿಪರರ ಡಾರ್ಟ್ 20ರಿಂದ 26 ಗ್ರಾಂ ತೂಗುತ್ತದೆ. ಹಿಂದೆ ಶಾಫ್ಟ್, ಅದರ ತುದಿಗೆ ರೆಕ್ಕೆಯಂಥ ಫ್ಲೈಟ್. ಫ್ಲೈಟ್ ಹರಿದಿದ್ದರೆ ಡಾರ್ಟ್ ಗಾಳಿಯಲ್ಲಿ ಓಲಾಡುತ್ತದೆ. ಶಾಫ್ಟ್ ಸಡಿಲವಾಗಿದ್ದರೆ ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಅಂಕದಲ್ಲಿ ಕಾಣುತ್ತದೆ. ಪಳಗಿದವರು ಪ್ರತಿ ಸರದಿಗೂ ಬೋರ್ಡಿನಿಂದ ವಾಪಸು ಬರುವಾಗ ಮೂರರ ಶಾಫ್ಟನ್ನೂ ಬೆರಳಲ್ಲೇ ಒಮ್ಮೆ ಬಿಗಿ ಮಾಡುವುದು ಇದಕ್ಕೇ.

ಅಳತೆ ಎಲ್ಲ ಕಡೆ ಒಂದೇ. ಬೋರ್ಡಿನ ಕೇಂದ್ರದ ವೃತ್ತವಾದ ಬುಲ್‌ನ ನಡುಮಧ್ಯ ನೆಲದಿಂದ 1.73 ಮೀಟರ್ ಎತ್ತರ, ನಿಲ್ಲುವ ಗೆರೆ ಬೋರ್ಡಿನ ಮುಖದಿಂದ 2.37 ಮೀಟರ್ ದೂರ. ಅಳತೆ ಒಂದೇ ಇದ್ದರೂ ಬೆಳಕು, ಗಾಳಿ, ಮ್ಯಾಟಿನ ಮೆತ್ತನೆ ಹಾಲ್‌ನಿಂದ ಹಾಲ್‌ಗೆ ಬೇರೆ. ಅಭ್ಯಾಸದ ಬೋರ್ಡಿನಲ್ಲಿ ಅನುಭವಿಗಳು ಟ್ರೆಬಲ್ 20 ಹಿಡಿದು ಕೂರುವುದಿಲ್ಲ. ಕೈ ಬಿಸಿಯಾಗುವಷ್ಟು ಅಲ್ಲಿ ಎಸೆದು ಬೇಗ ಡಬಲ್‌ಗಳಿಗೆ, ಅಂದರೆ ಅಂಕ ಎರಡು ಪಟ್ಟಾಗುವ ಹೊರ ಸುತ್ತಿನ ಪಟ್ಟಿಗಳಿಗೆ, ಇಳಿಯುತ್ತಾರೆ, ಕೊನೆಗೆ ಬುಲ್‌ಗೆ.

ಬುಲ್ ಯಾಕೆ ಎನ್ನುವುದು ಪಂದ್ಯ ಶುರುವಾದ ಕೂಡಲೇ ಗೊತ್ತಾಗುತ್ತದೆ. ಇಬ್ಬರೂ ಬುಲ್‌ಗೆ ಒಂದೊಂದು ಡಾರ್ಟ್ ಎಸೆಯುತ್ತಾರೆ, ನಡುವಿಗೆ ಹತ್ತಿರ ಬಂದವರಿಗೆ ಮೊದಲ ಲೆಗ್‌ನ ಮೊದಲ ಸರದಿ. ಲೆಗ್ ಎಂದರೆ 501ರಿಂದ ಶುರುವಾಗಿ ಸೊನ್ನೆಗೆ ಇಳಿಸುವ ಒಂದು ಆಟ, ಸರದಿ ಎಂದರೆ ಮೂರು ಡಾರ್ಟ್. ಕ್ವಾರ್ಟರ್ ಫೈನಲ್‌ವರೆಗೂ 11 ಲೆಗ್‌ಗಳ ಪಂದ್ಯ, ಮೊದಲು 6 ಗೆದ್ದವರು ಮುಂದಕ್ಕೆ. ಪ್ರತಿ ಲೆಗ್‌ಗೂ ಮೊದಲ ಸರದಿ ಅದಲುಬದಲಾಗುವುದರಿಂದ 1, 3, 5, 7, 9, 11ನೇ ಲೆಗ್‌ಗಳು ಬುಲ್ ಗೆದ್ದವನ ಪಾಲಿಗೆ ಬರುತ್ತವೆ. ಇಬ್ಬರೂ ತಮ್ಮ ತಮ್ಮ ಸರದಿಯ ಲೆಗ್ ಉಳಿಸಿಕೊಂಡರೆ ಬುಲ್ ಗೆದ್ದವನು 6-5ರಲ್ಲಿ ಗೆಲ್ಲುತ್ತಾನೆ. ಐದು ಸರದಿಯಲ್ಲಿ, ಅಂದರೆ 15 ಡಾರ್ಟ್‌ನಲ್ಲಿ 501 ಮುಗಿಸಿದರೆ ಸರಾಸರಿ 100.2. ಎದುರಾಳಿಯೂ 15ರಲ್ಲೇ ಮುಗಿಸಬಲ್ಲವನಾದರೆ ಅವನಿಗೆ ಐದನೇ ಸರದಿ ಸಿಗುವುದೇ ಇಲ್ಲ. ಹಾಗಾಗಿ ಆ ಮೊದಲ ಡಾರ್ಟನ್ನು ಶಾಸ್ತ್ರಕ್ಕೆ ಎಸೆಯುವವರು ತಮ್ಮ ಕೈಯಾರೆ ಒಂದು ಲೆಗ್ ಬಿಟ್ಟುಕೊಟ್ಟಂತೆ.

ಅಂಕ ಇಳಿಸುವ ಕೆಲಸ ಎಲ್ಲರಿಗೂ ಬರುತ್ತದೆ. ಈ ಮಟ್ಟದಲ್ಲಿ 180, ಅಂದರೆ ಒಂದೇ ಸರದಿಯಲ್ಲಿ ಮೂರು ಟ್ರೆಬಲ್ 20, ಎಸೆಯಲಾರದವರು ಯಾರೂ ಇಲ್ಲ. ವ್ಯತ್ಯಾಸ ಬೀಳುವುದು ಮುಗಿಸುವಲ್ಲಿ. ಕೊನೆಯ ಡಾರ್ಟ್ ಡಬಲ್‌ಗೇ ಬೀಳಬೇಕು, ಲೆಕ್ಕ ಸರಿಯಾಗಿ ಸೊನ್ನೆಗೆ ಬರಬೇಕು. ಹೆಚ್ಚಾದರೆ ಅಥವಾ 1 ಉಳಿದರೆ ಬಸ್ಟ್, ಆ ಸರದಿಯೇ ವ್ಯರ್ಥ.

ಅಳತೆಪಟ್ಟಿ ಹಿಡಿದು ನೋಡಿದರೆ ಡಬಲ್ ಟ್ರೆಬಲ್‌ಗಿಂತ ದೊಡ್ಡ ಗುರಿ. ಎರಡರ ಅಗಲವೂ 8 ಮಿಲಿಮೀಟರ್, ಆದರೆ ಡಬಲ್ ಹೊರ ಸುತ್ತಿನಲ್ಲಿರುವುದರಿಂದ ಅದರ ಉದ್ದ ಸುಮಾರು 53 ಮಿಲಿಮೀಟರ್, ಟ್ರೆಬಲ್‌ನದು 33ರ ಆಸುಪಾಸು. ಹಾಗಿದ್ದೂ ಡಬಲ್ ಮುಂದೆ ಕೈ ನಡುಗುತ್ತದೆ. ಟ್ರೆಬಲ್ 20 ತುಸು ಮೇಲಕ್ಕೋ ಕೆಳಕ್ಕೋ ಹೋದರೂ 20 ಅಂಕವಾದರೂ ಸಿಕ್ಕೇ ಸಿಗುತ್ತದೆ. ಡಬಲ್‌ನ ಹೊರ ತಂತಿಯಾಚೆ ಕೂದಲೆಳೆಯಷ್ಟು ಸರಿದರೂ ಸೊನ್ನೆ, ಮತ್ತು ಎದುರಾಳಿ ಆಗಲೇ 40 ಉಳಿಸಿಕೊಂಡು ಹಿಂದೆ ನಿಂತಿರುತ್ತಾನೆ.

ಇಲ್ಲಿ 32 ಉಳಿಸಿಕೊಳ್ಳುವುದಕ್ಕೆ ಅಷ್ಟೊಂದು ಬೆಲೆ ಯಾಕೆ ಎಂದು ಹೇಳಲೇಬೇಕು. ಡಬಲ್ 16 ಗುರಿಯಿಟ್ಟು ಒಳಕ್ಕೆ ಬಿದ್ದರೆ ಸಿಂಗಲ್ 16, ಉಳಿದದ್ದು ಡಬಲ್ 8. ಅದೂ ಒಳಕ್ಕೆ ಬಿದ್ದರೆ ಡಬಲ್ 4, ಆಮೇಲೆ ಡಬಲ್ 2, ಡಬಲ್ 1. ನಾಲ್ಕು ಸಲ ಅರ್ಧ ಮಾಡಿದರೂ ನಡುವೆ ಬೆಸ ಸಂಖ್ಯೆ ಸಿಗುವುದಿಲ್ಲ. ಮೇಲಕ್ಕೆ ಸರಿದು ಪಕ್ಕದ ಡಬಲ್ 8ಕ್ಕೆ ಬಿದ್ದರೂ ಉಳಿಯುವುದು 16, ಅಂದರೆ ಮತ್ತೆ ಅದೇ ಡಬಲ್ 8. ಅದೇ 40ರಲ್ಲಿ ಸಿಂಗಲ್ 20 ಬಿದ್ದರೆ ಡಬಲ್ 10, ಸಿಂಗಲ್ 10 ಬಿದ್ದರೆ ಡಬಲ್ 5, ಸಿಂಗಲ್ 5 ಬಿದ್ದರೆ ಬೆಸ ಉಳಿದು ಸಮ ಮಾಡಿಕೊಳ್ಳಲೇ ಒಂದು ಡಾರ್ಟ್ ಹೋಗುತ್ತದೆ. ಜತೆಗೆ 20ರ ಅಕ್ಕಪಕ್ಕ 1 ಮತ್ತು 5, ಎರಡೂ ಬೆಸ.

ಲೆಕ್ಕದ ಚಾತುರ್ಯ ಕಾಣಿಸುವುದು ಮುಗಿಸುವ ಸರದಿಗಿಂತ ಅದರ ಹಿಂದಿನ ಸರದಿಯಲ್ಲಿ. ಮೂರು ಡಾರ್ಟ್‌ನಲ್ಲಿ ಮುಗಿಸಬಹುದಾದ ಅತಿ ದೊಡ್ಡ ಅಂಕ 170. ಅದಕ್ಕಿಂತ ಕೆಳಗಿದ್ದೂ 169, 168, 166, 165, 163, 162, 159 ಮುಗಿಯುವುದೇ ಇಲ್ಲ. 189 ಉಳಿದು ಕೈಯಲ್ಲಿ ಒಂದೇ ಡಾರ್ಟ್ ಇದೆ ಎನ್ನಿ. ಅಭ್ಯಾಸಬಲದಿಂದ 20ಕ್ಕೆ ಎಸೆದು ಸಿಂಗಲ್ ಬಿದ್ದರೆ 169, ಮುಂದಿನ ಸರದಿಯಲ್ಲಿ ದಾರಿಯೇ ಇಲ್ಲ. 19ಕ್ಕೆ ಎಸೆದರೆ ಸಿಂಗಲ್ ಬಿದ್ದರೂ 170, ಅಂದರೆ ಟ್ರೆಬಲ್ 20, ಟ್ರೆಬಲ್ 20, ಬುಲ್ (ಬುಲ್‌ನ ನಡುವಿಗೆ 50, ಅದೂ ಡಬಲ್ ಎಂದೇ ಲೆಕ್ಕ). ಟ್ರೆಬಲ್ 19 ಬಿದ್ದರೆ 132, ಅದೂ ಮುಗಿಯುವಂಥದ್ದೇ. ಈ ನಿರ್ಧಾರಕ್ಕೆ ಸಿಗುವುದು ಒಂದು ಉಸಿರಿನಷ್ಟು ಹೊತ್ತು. ನಿಂತು ಎಣಿಸಿದವನ ತೋಳಿನ ಲಯ ಅಲ್ಲೇ ತಪ್ಪುತ್ತದೆ. ಆದ್ದರಿಂದ ಈ ಕೋಷ್ಟಕ ಮಗ್ಗಿಯಂತೆ ಬಾಯಿಗೆ ಬರಬೇಕು. ಹೊಸದಾಗಿ ಬರುವ ಹುಡುಗರು ದಿನಕ್ಕೆ ಎಷ್ಟು ಗಂಟೆ ಎಸೆಯಬೇಕು ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಈ ಸಂಖ್ಯೆಗಳು ಕರಗತವಾಗಲಿ ಎನ್ನುವುದೇ ನಮ್ಮ ಮಾತು.

ಪಂದ್ಯ ಗೆದ್ದ ಮೇಲೆ ಕಾಯುವುದು ಶುರು. ಆಡಿದ್ದಕ್ಕಿಂತ ಕಾದ ಹೊತ್ತೇ ಹೆಚ್ಚು. ತೋಳು ತಣ್ಣಗಾಗುತ್ತದೆ, ಹೊಟ್ಟೆ ತುಂಬ ತಿಂದರೆ ಮಂಕು ಕವಿಯುತ್ತದೆ, ತಿನ್ನದಿದ್ದರೆ ಬೆರಳು ಸಣ್ಣಗೆ ಅದುರುತ್ತವೆ. ಪ್ರಶಸ್ತಿಗೆ ಏಳು ಪಂದ್ಯ ಗೆಲ್ಲಬೇಕು: 6 ಲೆಗ್ ಗೆಲ್ಲಬೇಕಾದ ಐದು ಪಂದ್ಯ, 7 ಲೆಗ್‌ನ ಸೆಮಿಫೈನಲ್, 8 ಲೆಗ್‌ನ ಫೈನಲ್. ಕಡಿಮೆಯೆಂದರೆ 45 ಲೆಗ್, ಎಲ್ಲ ಪಂದ್ಯ ಕೊನೆಯ ಲೆಗ್‌ವರೆಗೆ ಎಳೆದರೆ 83. ಇದರ ನಡುವೆ ಅಭ್ಯಾಸದ ಎಸೆತ ಬೇರೆ. ಸಂಜೆಯ ಹೊತ್ತಿಗೆ ಮೊದಲು ಸುಸ್ತಾಗುವುದು ತೋಳಲ್ಲ, ಮುಂದಿನ ಕಾಲಿನ ಮಂಡಿ ಮತ್ತು ಸೊಂಟ. ಮೈಭಾರವೆಲ್ಲ ಅಲ್ಲೇ ಬೀಳುವುದರಿಂದ ಅವು ಸೋತಾಗ ದೇಹ ಮುಂದಕ್ಕೆ ಓಲುತ್ತದೆ, ಡಾರ್ಟ್ ಗುರಿಯ ಕೆಳಗೆ ಬೀಳತೊಡಗುತ್ತದೆ. ಅನನುಭವಿ ಆಗ ಕೈ ಸರಿಪಡಿಸಲು ಹೋಗುತ್ತಾನೆ; ಸರಿಪಡಿಸಬೇಕಾದದ್ದು ಕಾಲನ್ನು.

ಇನ್ನು ದುಡ್ಡು. 2025ರಲ್ಲಿ ಇಂಥ ಒಂದು ದಿನದ ಪಂದ್ಯಾವಳಿ ಗೆದ್ದವರಿಗೆ 15,000 ಪೌಂಡ್, ಮೊದಲ ಸುತ್ತಿನಲ್ಲಿ ಸೋತ 64 ಮಂದಿಗೆ ಏನೂ ಇಲ್ಲ. ಪ್ರಯಾಣ, ವಸತಿ ಅವರವರ ಜೇಬಿನಿಂದ. ರ‍್ಯಾಂಕಿಂಗ್ ಕೂಡ ಇದೇ ದುಡ್ಡಿನ ಲೆಕ್ಕವೇ. ಕಳೆದ ಎರಡು ವರ್ಷದ ರ‍್ಯಾಂಕಿಂಗ್ ಪಂದ್ಯಾವಳಿಗಳಲ್ಲಿ ಗಳಿಸಿದ ಬಹುಮಾನದ ಮೊತ್ತವೇ ಸ್ಥಾನ ನಿರ್ಧರಿಸುತ್ತದೆ. ಈ ಪಂದ್ಯಾವಳಿಗಳಲ್ಲಿ ಆಡುವ ಹಕ್ಕು ಕೊಡುವ ಟೂರ್ ಕಾರ್ಡ್ ಸಿಗುವುದು ಎರಡು ವರ್ಷಕ್ಕೆ. ಅವಧಿ ಮುಗಿದಾಗ ಮೊದಲ 64ರೊಳಗೆ ಇಲ್ಲದವರು ಸಾಮಾನ್ಯವಾಗಿ ಕಾರ್ಡ್ ಕಳೆದುಕೊಂಡು ಜನವರಿಯಲ್ಲಿ ಕ್ಯೂ ಸ್ಕೂಲ್ ಎಂಬ ಅರ್ಹತಾ ಪಂದ್ಯಾವಳಿಗೆ ಮರಳಬೇಕು. ಅಲ್ಲಿಂದ ಕಾರ್ಡ್ ಗೆದ್ದು ಬಂದವರ ಖಾತೆ ಶುರುವಾಗುವುದು ಸೊನ್ನೆಯಿಂದ.

ಎರಡು ವರ್ಷದ ಈ ಗಡುವು ಎಂಥದ್ದು ಎನ್ನುವುದಕ್ಕೆ ಮೈಕಲ್ ಸ್ಮಿತ್ ಅವರ ಉದಾಹರಣೆ ಸಾಕು. 2023ರ ಜನವರಿ 3ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಫೈನಲ್. ಒಂದೇ ಲೆಗ್‌ನಲ್ಲಿ ಮೈಕಲ್ ವಾನ್ ಗೆರ್ವೆನ್ ಎಂಟು ಡಾರ್ಟ್ ತಪ್ಪದೆ ಎಸೆದು, ಒಂಬತ್ತನೆಯದನ್ನು ಡಬಲ್ 12ರಲ್ಲಿ ಕಳೆದುಕೊಂಡರು. ಮರುಕ್ಷಣ ಸ್ಮಿತ್ ಟ್ರೆಬಲ್ 20, ಟ್ರೆಬಲ್ 19, ಡಬಲ್ 12 ಎಸೆದು 141 ಮುಗಿಸಿ, 501 ಮುಗಿಸಲು ಅತಿ ಕಡಿಮೆಯಾದ ಒಂಬತ್ತು ಡಾರ್ಟ್‌ಗಳ ಲೆಗ್ ಪೂರೈಸಿದರು. ಆ ರಾತ್ರಿ ಅವರು ವಿಶ್ವ ಚಾಂಪಿಯನ್ ಆದರು, ಬಹುಮಾನ 5,00,000 ಪೌಂಡ್. ಎರಡು ವರ್ಷದ ನಂತರ ಅದೇ ಚಾಂಪಿಯನ್‌ಶಿಪ್‌ಗೆ ಎರಡನೇ ಸೀಡ್ ಆಗಿ ಬಂದು ತಮ್ಮ ಮೊದಲ ಪಂದ್ಯದಲ್ಲೇ ಸೋತರು. ಹಳೆಯ 5,00,000 ಲೆಕ್ಕದಿಂದ ಅಳಿಸಿಹೋಯಿತು, ಅವರು ಮೊದಲ ಹತ್ತರಿಂದ ಹೊರಬಿದ್ದರು. ಅಂಥ ಆಟಗಾರನಿಗೂ ಇದೇ ನಿಯಮ. ಈ ವ್ಯವಸ್ಥೆ ಕಠಿಣ, ಆದರೆ ನ್ಯಾಯವಾದದ್ದು ಎಂದೇ ನಮಗನ್ನಿಸುತ್ತದೆ. ಹಳೆಯ ಹೆಸರಿನ ಬಲದಿಂದ ಇಲ್ಲಿ ಯಾರೂ ಜಾಗ ಹಿಡಿದು ಕೂರುವಂತಿಲ್ಲ.

ಈ ಹೊರೆ ಕೆಲವರಿಗೆ ಕೈಯಲ್ಲೇ ಕಾಣಿಸಿಕೊಳ್ಳುತ್ತದೆ. ಅದನ್ನು ಡಾರ್ಟೈಟಿಸ್ ಎನ್ನುತ್ತಾರೆ. ಕೈ ಮುಂದಕ್ಕೆ ಬರುತ್ತದೆ, ಬೆರಳು ಮಾತ್ರ ಡಾರ್ಟನ್ನು ಬಿಡುವುದಿಲ್ಲ. ಐದು ಸಲ ವಿಶ್ವ ಚಾಂಪಿಯನ್ ಆಗಿದ್ದ ಎರಿಕ್ ಬ್ರಿಸ್ಟೋ ಅವರನ್ನೇ 1980ರ ದಶಕದ ಕೊನೆಯಲ್ಲಿ ಅದು ಕಾಡಿತು. ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಹೆದರಿಕೆ ಅಷ್ಟೇ ಎಂದು ತಳ್ಳಿಹಾಕುವಂಥದ್ದಲ್ಲ. ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಹಿಡಿತ ಬಿಗಿಯಾಗುತ್ತದೆ, ಮೊಣಕೈ ಎರಡು ಮೂರು ಸಲ ಹಿಂದೆ ಮುಂದೆ ಆಡುತ್ತದೆ, ಆಮೇಲೆ ಆಟಗಾರ ಕೈ ಕೆಳಗಿಳಿಸಿ ನೆಲ ನೋಡುತ್ತಾನೆ. ಹೊರಬರಲು ಕೆಲವರು ಹಿಡಿತ ಬದಲಿಸುತ್ತಾರೆ. ಕೆಲವರು ಗುರಿಯೇ ಇಲ್ಲದೆ, ಬೋರ್ಡಿಗೆ ಹತ್ತಿರ ನಿಂತು, ಬರೀ ಬಿಡುವುದನ್ನು ಮೊದಲಿಂದ ಕಲಿಯುತ್ತಾರೆ. ಗೆರೆಗೆ ಮರಳಲು ತಿಂಗಳುಗಳೇ ಬೇಕಾಗಬಹುದು. ಅವಸರ ಮಾಡಬಾರದು, ಪಕ್ಕದವರು ‘ಸುಮ್ಮನೆ ಎಸೆ’ ಎನ್ನಲೂಬಾರದು.

ರಾತ್ರಿ ಫೈನಲ್ ಮುಗಿಯುವ ಹೊತ್ತಿಗೆ ಹಾಲ್ ಬಹುಪಾಲು ಖಾಲಿ. ಆದರೆ ಅಭ್ಯಾಸದ ಬೋರ್ಡುಗಳ ಮುಂದೆ ಒಬ್ಬಿಬ್ಬರು ಇನ್ನೂ ನಿಂತಿರುತ್ತಾರೆ, ಹೆಚ್ಚಾಗಿ ಮೊದಲ ಸುತ್ತಿನಲ್ಲೇ ಸೋತವರು. 5-5ರಲ್ಲಿ 32 ಉಳಿದು ಮೂರು ಡಾರ್ಟ್ ಕೈಯಲ್ಲಿದ್ದೂ ಮೂರೂ ತಂತಿಯಾಚೆ ಹೋಗಿದ್ದರೆ ಮಲಗಲು ಹೋದರೂ ನಿದ್ದೆ ಬರುವುದಿಲ್ಲ. ಬೋರ್ಡಿನ ಎಡಗಡೆ ಕೆಳಗಿನ ಆ ಸಣ್ಣ ಪಟ್ಟಿಗೇ ಎಸೆಯುತ್ತಾರೆ, ತೆಗೆಯುತ್ತಾರೆ, ಶಾಫ್ಟ್ ಬಿಗಿ ಮಾಡಿಕೊಂಡು ಮತ್ತೆ ಎಸೆಯುತ್ತಾರೆ. ಎಷ್ಟೋ ಸಲ ಪಂದ್ಯಾವಳಿಗಳು ಬೆನ್ನುಬೆನ್ನಿಗೆ ಇರುತ್ತವೆ. ಮರುದಿನವೇ ಅದೇ ಹಾಲ್‌ನಲ್ಲಿ ಇನ್ನೊಂದು ಡ್ರಾ, ಮತ್ತೆ 128 ಹೆಸರು.